ಬಂದ ಕ್ಲಾಸ್, ಹೋಗುವ ಕ್ಲಾಸ್

ದುಬೈ ವಿಮಾನ ನಿಲ್ದಾಣದಲ್ಲಿ, ಬಿಸಿನೆಸ್ ಕ್ಲಾಸಿನವರು ಉಂಡು ವಿಶ್ರಮಿಸುವ ಲೌಂಜಿನ ಬಾಗಿಲಲ್ಲಿ ನನ್ನ ಬೋರ್ಡಿಂಗ್ ಪಾಸ್ ಮುಟ್ಟಿಸಿದಾಗ ಯಂತ್ರ ಕರ್ರ್ ಎಂದ ಸದ್ದು ಈಗಲೂ ಕಿವಿಯಲ್ಲಿದೆ. ಗೆಳತಿಯದಕ್ಕೆ ಮೆತ್ತಗೆ ಟಿಂಗ್ ಎಂದಿತ್ತು.

ಪುತ್ತೂರಿನ ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಕಡಬದ ರಬ್ಬರ್ ತೋಟ ಮಾರಿ ಅವಳು ಐರ್ಲೆಂಡಿನ ಮಗಳ ಮನೆಗೆ ಕಾಯಂ ಹೊರಟಿದ್ದಳು. ನಾನು ಮೊಮ್ಮಗಳ ಬಾಣಂತನಕ್ಕೆ ಲಂಡನ್ನಿಗೆ. ದುಬೈಯ ಲೌಂಜಿನಲ್ಲಿ ಕೊನೆಯದಾಗಿ ಕೂತು ಮಾತಾಡಬೇಕೆಂದೇ ಅಲ್ಲಿವರೆಗೆ ಒಂದೇ ವಿಮಾನ ಹಿಡಿದಿದ್ದೆವು.

“ಬೆಂಗಳೂರಿನಿಂದ ನಾನೂ ಬಿಸಿನೆಸ್ ಕ್ಲಾಸಿನಲ್ಲೇ ಬಂದದ್ದು,” ಎಂದೆ ಬಾಗಿಲಿನ ಹುಡುಗಿಗೆ. ಬಂದದ್ದು ಲೆಕ್ಕಕ್ಕಿಲ್ಲವಂತೆ, ಮುಂದೆ ಹತ್ತುವ ವಿಮಾನದ ಕ್ಲಾಸೇ ಮುಖ್ಯವಂತೆ. ಲಂಡನ್ನಿನ ವಿಮಾನದಲ್ಲಿ ಸೀಟು ಸಿಗದೆ ನನ್ನದು ಇಕಾನಮಿ. ಗೆಳತಿಯ ಗೆಸ್ಟ್ ಆಗಿಯೂ ಅಲೌಡ್ ಇಲ್ಲ. ಇಂಥ ನಾನ್‌ಸೆನ್ಸ್ ರೂಲ್ಸ್ ಯಾರು ಬರೆಯುತ್ತಾರೋ!

ಅವಳ ಕಾಲು ಬಾತಿತ್ತು. “ನೀನಾದರೂ ಹೋಗಿ ಕಾಲು ಚಾಚು ಮಾರಾಯ್ತಿ,” ಎಂದು ನಾನೇ ದೂಡಿದೆ.

“ನಿನ್ನನ್ನು ಹಸಿದ ಹೊಟ್ಟೆಯಲ್ಲಿ ಕಳಿಸುದುಂಟಾ? ಇಲ್ಲೇ ನಿಲ್ಲು, ಎಂತಾದ್ರೂ ತರ್ತೇನೆ.”

ಲೌಂಜಿನ ತಿಂಡಿ ಹೊರಗೆ ತರಲು ಬಿಡಬೇಕಲ್ಲ! ನನ್ನ ವಿಮಾನದ ಕರೆ ಬಂದಾಗಲೂ ಅವಳು ಗಾಜಿನಾಚೆ, ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಬಾಗಿಲಿನ ಹುಡುಗಿಯ ಜೊತೆ ಜಗಳವಾಡುತ್ತಲೇ ಇದ್ದಳು. ಅವಳನ್ನು ನಾನು ಕಂಡದ್ದು ಅದೇ ಕೊನೆ.