ನನ್ನ ಮುಖಕ್ಕೆ ಹಾಕಿದ ಹಾರ

ನಮ್ಮ ಹತ್ತನೇ ತರಗತಿಯ ಬ್ಯಾಚಿನಲ್ಲಿ ಸತ್ತವರೆಲ್ಲ ಡಾಕ್ಟರಾಗಬೇಕೆಂದಿದ್ದವರು. ಇದು ನನಗೆ ಗೊತ್ತಾದದ್ದು ಈಚೆಗೆ, ವಾಟ್ಸಾಪ್ ಗುಂಪಿನಿಂದ. ಬದುಕಿರುವವರಲ್ಲಿ ಒಬ್ಬರೂ ಡಾಕ್ಟರಾಗಲಿಲ್ಲ. ಹನೂರಿನಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟವನಿದ್ದಾನೆ, ಯಳಂದೂರಿನ ಕಚೇರಿಯೊಂದರಲ್ಲಿ ಕೂತವನಿದ್ದಾನೆ, ಕೊಳ್ಳೇಗಾಲದ ಮನೆಯಲ್ಲಿ ಕೂತು ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ನಾನಿದ್ದೇನೆ. ಹೇಗೋ ಏನೋ ಆಗಿ ನಿಂತವರು ನಾವು. ಆದರೆ ಯಾರಾದರೂ ಸತ್ತರೆ ಸಾಕು, ಅವರಿಗೆ ಬಡವರ ಸೇವೆ ಮಾಡುವ ವೈದ್ಯರಾಗುವ ಕನಸಿತ್ತು ಎಂದು ಗುಂಪಿನವರಿಗೆ ತಕ್ಷಣ ನೆನಪಾಗುತ್ತದೆ. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬೀಳುತ್ತವೆ. ಸಂಜೆಯ ಹೊತ್ತಿಗೆ ಅದರ ಮೇಲೆ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕು ಬರುತ್ತದೆ.

ನನ್ನ ಗೆಳತಿ ಸತ್ತಾಗಲೂ ಹಾಗೇ ಆಯಿತು. ಅವಳು ಕುಂತೂರಿನವಳು. ಹೈಸ್ಕೂಲಿನ ಮೂರು ವರ್ಷವೂ ನಾವಿಬ್ಬರು ಒಂದೇ ಬೆಂಚಿನಲ್ಲಿ ಕೂತವರು. ಕಳೆದ ಶಿವರಾತ್ರಿ ಮುಗಿದ ಮೇಲೆ ಜ್ವರ ಎಂದು ಮಲಗಿದಳು. ಮೈಸೂರಿನ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಜ್ವರ ಕೈಮೀರಿತ್ತು. ಮಣ್ಣು ಮಾಡಿ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಫೋನು ನೋಡಿದರೆ, ಅವಳು ಡಾಕ್ಟರಾಗಬೇಕೆಂದಿದ್ದವಳಾಗಿದ್ದಳು.

ಅವಳು ಏನಾಗಬೇಕೆಂದಿದ್ದಳು ಎಂಬುದು ಇಡೀ ತರಗತಿಗೆ ಗೊತ್ತಿತ್ತು. ಎಲ್ಲರ ಎದುರಿಗೇ ಹೇಳಿದ್ದಳು. ನಮ್ಮ ಶಾಲೆಯಲ್ಲಿ ಬೀಳ್ಕೊಡುಗೆಯ ದಿನ ಒಂದು ಪದ್ಧತಿಯಿತ್ತು. ಭಾಷಣಗಳೆಲ್ಲ ಮುಗಿದು, ಉಪ್ಪಿಟ್ಟು ಕೇಸರಿಬಾತಿನ ವಾಸನೆ ಬರತೊಡಗಿದ ಮೇಲೆ, ಹಾಜರಿ ಕರೆದ ಹಾಗೆ ಒಬ್ಬೊಬ್ಬರನ್ನೇ ಎಬ್ಬಿಸಿ ಮುಂದೆ ಏನಾಗುತ್ತೀರಿ ಎಂದು ಹೆಡ್‌ಮಾಸ್ತರು ಕೇಳುತ್ತಿದ್ದರು. ಹೇಳದವರಿಗೆ ಎಲೆ ಇಲ್ಲ. ಹಸಿದ ಮಕ್ಕಳು ಬೇಗ ಬೇಗ ಹೇಳುತ್ತಿದ್ದರು. ಹುಡುಗರಲ್ಲಿ ಅರ್ಧ ಜನ ಪೊಲೀಸು, ಉಳಿದರ್ಧ ಮಿಲಿಟರಿ. ಹುಡುಗಿಯರೆಲ್ಲ ಟೀಚರು. ಮುಂದಿನ ಸಾಲಿನ ನಾಲ್ಕು ಜನ ಮಾತ್ರ ಡಾಕ್ಟರು, ಇಂಜಿನಿಯರು ಎಂದರು. ಅವರಿಗೆ ಮಾಸ್ತರರು ಚಪ್ಪಾಳೆ ತಟ್ಟಿದರು. ನಾನೂ ಟೀಚರು ಎಂದು ಹೇಳಿ ಕೂತೆ. ಅವಳ ಸರದಿ ಬಂತು. ಲಂಗದ ನೆರಿಗೆ ಸರಿಮಾಡಿಕೊಂಡು ಎದ್ದು ನಿಂತಳು.

"ನಾನು ಒಂದ್ ಮನೆ ಕಟ್ತೀನಿ ಸಾ. ಅದ್ಕೆ ಮರದ್ ಬಾಗ್ಲು ಮಡಗ್ತೀನಿ. ಮಧ್ಯಾನ ಉಂಡ್ಬುಟ್ಟು ಚಿಲ್ಕ ಆಕಂಡು ಮಲ್ಗ್ತೀನಿ. ಯಾರ್ ಬಂದು ತಟ್ಟುದ್ರೂ ತಗಿಯಕಿಲ್ಲ."

ನಕ್ಕಿದ್ದೇ ನಕ್ಕಿದ್ದು. ಹೆಡ್‌ಮಾಸ್ತರು ಕನ್ನಡಕ ತೆಗೆದು, "ಮಲ್ಗೋದಕ್ಕೆ ಎಸ್ಸೆಸ್ಸೆಲ್ಸಿ ಯಾಕಮ್ಮ ಬೇಕು?" ಎಂದರು.

"ಬಾಗ್ಲಿರೋ ಮನೆ ಬೇಕಲ್ಲ ಸಾ."

ಅವಳು ತಮಾಷೆ ಮಾಡಿರಲಿಲ್ಲ. ಕುಂತೂರಿನಲ್ಲಿ ಅವರ ಮನೆ ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯ ಮಗ್ಗುಲಿಗೇ ಇತ್ತು. ಒಂದೇ ಕೋಣೆ, ಬಾಗಿಲಿನ ಜಾಗದಲ್ಲಿ ತಗಡಿನ ತಟ್ಟಿ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹಗಲೆಲ್ಲ ಹೋಗುತ್ತಿದ್ದವು. ನೀರು ಕೇಳುವ ಡ್ರೈವರು, ಬೆಂಕಿಪೊಟ್ಟಣ ಕೇಳುವ ಕ್ಲೀನರು, ಕೂಲಿಗೆ ಕರೆಯುವ ಮೇಸ್ತ್ರಿ, ಎಲ್ಲರೂ ಆ ತಟ್ಟಿಯನ್ನು ಸರಿಸಿ ತಲೆ ಹಾಕುವವರೇ. ಅವಳ ಅವ್ವ ಬೆಳಗಿನಿಂದ ಕಬ್ಬಿನ ಗದ್ದೆಯಲ್ಲಿ ಬಗ್ಗಿ ಬಂದು ಸೊಂಟ ನೆಲಕ್ಕೆ ತಾಗಿಸುವ ಹೊತ್ತಿಗೆ ಸರಿಯಾಗಿ ಯಾರೋ ಕೂಗುತ್ತಿದ್ದರು. ಇಷ್ಟನ್ನು ಕಂಡು ಬೆಳೆದ ಹುಡುಗಿ ಆಸೆ ಪಟ್ಟಿದ್ದು ಚಿಲಕಕ್ಕೆ. ಅದು ಕನಸೇ ಅಲ್ಲ ಎಂಬಂತೆ ನಕ್ಕ ನಲವತ್ತು ಜನರಲ್ಲಿ ಒಬ್ಬನೂ ಪೊಲೀಸಾಗಲಿಲ್ಲ.

ಅವಳಿಗೆ ಆ ಮಧ್ಯಾಹ್ನ ಸಿಗಲಿಲ್ಲ. ಮದುವೆ ಮಾಡಿ ಕೊಟ್ಟಿದ್ದು ಮಹದೇಶ್ವರ ಬೆಟ್ಟಕ್ಕೆ. ಗಂಡನಿಗೆ ಅಲ್ಲಿ ಕಾಯಿ, ಕರ್ಪೂರ, ವಿಭೂತಿಗಟ್ಟಿ ಮಾರುವ ಅಂಗಡಿ; ಅಂಗಡಿಯ ಹಿಂದೆಯೇ ಮನೆ. ಅದಕ್ಕೂ ಬಾಗಿಲಿರಲಿಲ್ಲ, ಷಟರಿತ್ತು. ಅರ್ಧ ಇಳಿಸಿದರೆ ಜನ ಬಗ್ಗಿ ನೋಡಿ ಕೂಗುತ್ತಿದ್ದರಂತೆ. ಅಮಾವಾಸ್ಯೆಯ ಜಾತ್ರೆ ಮುಗಿಯಿತಾ, ಈಗಲಾದರೂ ಮಲಗಿದೆಯಾ ಎಂದು ನಾನು ಫೋನಿನಲ್ಲಿ ಕೇಳಿದರೆ, "ಇಲ್ಲಿ ಅಮಾಸೆ ಮುಗಿಯಾದೇ ಇಲ್ಲ ಕನಮ್ಮಿ, ಒಂದ್ ಬಸ್ಸು ಖಾಲಿ ಆದ್ರೆ ಇನ್ನೊಂದು" ಎಂದು ನಗುತ್ತಿದ್ದಳು.

ಇನ್ನು ನಮ್ಮ ಗುಂಪು ಫೋಟೋದ ವಿಷಯ. ಹತ್ತನೆಯ ತರಗತಿಯ ಕೊನೆಯಲ್ಲಿ ಶಾಲೆಯ ಮೆಟ್ಟಿಲ ಮೇಲೆ ನಿಲ್ಲಿಸಿ ತೆಗೆದದ್ದು. ಯಾರು ಎಲ್ಲಿ ನಿಂತಿದ್ದಾರೆ ಎಂದು ಡ್ರಿಲ್ ಮಾಸ್ತರು ಸಾಲಾಗಿ ಹೆಸರು ಬರೆದುಕೊಂಡು ಹೋದರು. ಅವರು ಆ ಕಡೆ ಹೋದ ಮೇಲೆ ಅವಳು ನನ್ನ ಕಿವಿಯಲ್ಲಿ, ತನ್ನ ರವಿಕೆಯ ಎಡ ಭುಜದ ಹೊಲಿಗೆ ಬಿಟ್ಟುಹೋಗಿದೆ ಎಂದಳು. ನಾನು ಅವಳ ಜಾಗಕ್ಕೆ ಹೋದೆ, ಅವಳು ನನ್ನ ಜಾಗಕ್ಕೆ ಬಂದಳು. ಹರಿದ ಭುಜ ನನ್ನ ಹಿಂದೆ ಮರೆಯಾಯಿತು. ಫೋಟೋ ಬಂದಾಗ ನನ್ನ ಮುಖದ ಕೆಳಗೆ ಅವಳ ಹೆಸರು, ಅವಳ ಮುಖದ ಕೆಳಗೆ ನನ್ನ ಹೆಸರು ಅಚ್ಚಾಗಿತ್ತು. ನಮಗಿಬ್ಬರಿಗೆ ಅದು ಎಷ್ಟೋ ವರ್ಷದ ನಗು. ನನಗೆ ಮನೆಯಲ್ಲಿ ಬೈಗುಳ ಬಿದ್ದ ದಿನ, ಅದು ಬಿದ್ದದ್ದು ನಿನಗೆ ಎಂದು ಅವಳಿಗೆ ಹೇಳುತ್ತಿದ್ದೆ.

ಈ ವರ್ಷ ಬ್ಯಾಚಿನವರಿಗೆ ಗುರುವಂದನೆ ಮಾಡುವ ಹುಕಿ ಬಂತು. ಎಲ್ಲ ಬ್ಯಾಚಿನವರೂ ಮಾಡುತ್ತಿದ್ದಾರೆ, ನಾವು ಮಾಡದಿದ್ದರೆ ಹೇಗೆ ಎಂಬುದು ಕಾರಣ. ಹನೂರಿನ ಸಿಮೆಂಟು ಅಂಗಡಿಯವನು ಸಂಚಾಲಕನಾದ. ಗಂಡಸರಿಗೆ ಒಂದೇ ಬಣ್ಣದ ಟೀ ಶರ್ಟು, ಹೆಂಗಸರಿಗೆ ಒಂದೇ ಬಣ್ಣದ ಸೀರೆ ಎಂದಾಯಿತು. ನಾನು ನನ್ನ ಹಳೆಯ ಸೀರೆಯಲ್ಲೇ ಬರುತ್ತೇನೆ ಎಂದೆ. ಆಮೇಲೆ, ನಮ್ಮನ್ನು ಅಗಲಿದವರ ದೊಡ್ಡ ಫೋಟೋ ಇಟ್ಟು ಹಾರ ಹಾಕಿ, ತಂದೆ ತಾಯಿಯನ್ನು ಕರೆಸಿ ಶಾಲು ಹೊದಿಸುವುದು ಎಂದಾಯಿತು. ನಮ್ಮನ್ನು ಅಗಲಿದವರು ಇಬ್ಬರು. ಒಬ್ಬನ ಮನೆಯವರು ಬರುವುದಿಲ್ಲ ಎಂದರು. ಗೆಳತಿಯ ಅವ್ವ ಬರುತ್ತೇನೆಂದಳು.

ಅವಳು ಬರುತ್ತೇನೆಂದದ್ದು ಶಾಲಿಗಲ್ಲ. ಅವರ ಮನೆಯಲ್ಲಿದ್ದ ಗುಂಪು ಫೋಟೋವನ್ನು ಎಂದೋ ಗೆದ್ದಲು ತಿಂದಿತ್ತು. ಮದುವೆಯ ಫೋಟೋ ಬಿಟ್ಟರೆ ಮಗಳದ್ದು ಬೇರೆ ಇರಲಿಲ್ಲ, ಅದರಲ್ಲಿ ಮುಖಕ್ಕಿಂತ ಹೂವೇ ಹೆಚ್ಚು. ಸ್ಕೂಲಿಗೆ ಹೋಗುವಾಗಿನ ಮುಖವನ್ನು ದೊಡ್ಡದಾಗಿ ಮಾಡಿಸಿ ಇಡುತ್ತಾರಂತೆ, ಒಂದು ಸಲ ನೋಡಬೇಕು ಎಂದು ನನಗೆ ಫೋನು ಮಾಡಿ ಹೇಳಿದಳು. ನನಗೂ ಬೇಕಾಗಿದ್ದು ಅಷ್ಟೇ. ಭಾಷಣದಲ್ಲಿ ಏನಾದರೂ ಹೇಳಿಕೊಳ್ಳಲಿ, ಮುಖವೊಂದು ಸರಿಯಾಗಿರಲಿ.

ಆದ್ದರಿಂದ ಗುಂಪಿಗೆ ಬರೆದೆ. ಫೋಟೋದಲ್ಲಿ ಹೆಸರುಗಳು ಅದಲುಬದಲಾಗಿವೆ, ಇವಳೇ ಅವಳು ಎಂದು ಮುಖದ ಸುತ್ತ ಕೆಂಪು ಗೆರೆ ಹಾಕಿ ಕಳಿಸಿದೆ. ಸಂಚಾಲಕ ಹೆಬ್ಬೆರಳು ತೋರಿಸಿದ. ಅಷ್ಟರಲ್ಲಿ ಟೀ ಶರ್ಟಿನ ಅಳತೆಯ ಚರ್ಚೆ ಶುರುವಾಯಿತು, ಮಾರನೆಯ ಬೆಳಿಗ್ಗೆ ಹೂವು ಸೂರ್ಯ ಕಾಫಿ ಲೋಟಗಳ ಶುಭೋದಯ ಬಂತು. ಇನ್ನೊಮ್ಮೆ ಬರೆದೆ. ಇನ್ನೊಮ್ಮೆ ಹೆಬ್ಬೆರಳು. ನಮ್ಮ ಬ್ಯಾಚಿನವರ ಹೆಬ್ಬೆರಳಿನಷ್ಟು ಚುರುಕಾದದ್ದು ಇನ್ನೊಂದಿಲ್ಲ. ಅದು ಓದದೆಯೇ ಒಪ್ಪುತ್ತದೆ.

ಆ ಭಾನುವಾರ ನಾನು ಶಾಲೆಗೆ ಹೋದಾಗ ಮಾಸ್ತರುಗಳನ್ನು ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡುತ್ತಿದ್ದರು. ಕಬ್ಬು ಸಾಗಿಸುವ ಟ್ರೈಲರಿಗೆ ಬಾಳೆಕಂದು ಕಟ್ಟಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಸಂದಿಯಲ್ಲಿ ಸಿಕ್ಕಿಕೊಂಡ ಕಬ್ಬಿನ ಸೋಗೆಯನ್ನು ಯಾರೂ ತೆಗೆದಿರಲಿಲ್ಲ. ತಿರುವಿನಲ್ಲಿ ಕುರ್ಚಿಗಳು ಜರುಗಿದಾಗಲೆಲ್ಲ ಮೈಸೂರು ಪೇಟ ತೊಟ್ಟ ಮಾಸ್ತರರೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ಹೊಂಗೆ ಬರಲಿನಿಂದ ಹೊಡೆದು ಅಂಗೈಯಲ್ಲಿ ಬಾಸುಂಡೆ ಬರಿಸುತ್ತಿದ್ದ ಗಣಿತದ ಮಾಸ್ತರರ ಕಾಲಿಗೆ ಬಿದ್ದು, ಆ ಏಟಿನಿಂದಲೇ ನಾವು ಮನುಷ್ಯರಾದೆವು ಎಂದು ಗಂಡಸರು ಕಣ್ಣೀರು ಹಾಕಿದರು. ಅವರು ಮೈಕಿನಲ್ಲಿ, ನಿಮ್ಮಂಥ ಬ್ಯಾಚನ್ನು ನಾನು ನೋಡೇ ಇಲ್ಲ ಎಂದರು. ಹಿಂದಿನ ತಿಂಗಳು ನನ್ನ ತಂಗಿಯ ಬ್ಯಾಚಿಗೂ ಇದನ್ನೇ ಹೇಳಿದ್ದರು.

ವೇದಿಕೆಯ ಎಡಗಡೆ ಎರಡು ದೊಡ್ಡ ಫೋಟೋಗಳು ನಿಂತಿದ್ದವು. ಮೊದಲನೆಯದರಲ್ಲಿ ತೀರಿಕೊಂಡ ಹುಡುಗನಿದ್ದ. ಎರಡನೆಯದರಲ್ಲಿ ನಾನಿದ್ದೆ. ಎರಡು ಜಡೆ, ಎಣ್ಣೆ ಹಚ್ಚಿ ಬಾಚಿದ ತಲೆ, ಕಣ್ಣು ಕಿರಿದು ಮಾಡಿಕೊಂಡ ಹದಿನೈದರ ನಾನು. ಕೊರಳಿಗೆ ಸುಗಂಧರಾಜದ ಹಾರ, ಕೆಳಗೆ ಗೆಳತಿಯ ಹೆಸರು, ಅದರ ಕೆಳಗೆ "ವೈದ್ಯೆಯಾಗುವ ಕನಸು ಹೊತ್ತ ನಮ್ಮ ಸೋದರಿ".

ಸಂಚಾಲಕನನ್ನು ಹುಡುಕಿದೆ. ಅವನು ಡ್ರೋನಿನವನ ಜೊತೆ ಮಾತಾಡುತ್ತಿದ್ದ. ಫೋಟೋ ತೆಗೆಸು ಎಂದೆ. ಕಾರ್ಯಕ್ರಮ ಆಗಿಹೋಗಲಿ, ಈಗ ತೆಗೆದರೆ ವೇದಿಕೆಯಲ್ಲಿ ಒಂದು ಕಡೆ ಖಾಲಿ ಕಾಣುತ್ತದೆ ಎಂದ. ಅಷ್ಟು ಹೊತ್ತಿಗೆ ಗೆಳತಿಯ ಅವ್ವ ಬಸ್ಸಿಳಿದು ಬಂದುಬಿಟ್ಟಿದ್ದಳು. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತೆ. ಮರೆಮಾಡುವ ದಾರಿ ಇರಲಿಲ್ಲ. ಅವಳ ಕಣ್ಣು ಚೆನ್ನಾಗಿವೆ. ಅವಳು ಬಹಳ ಹೊತ್ತು ನೋಡಿದಳು.

"ಅದು ನೀನಲ್ವ ಕೂಸೆ?"

ಹೌದು, ತಪ್ಪು ಮಾಡಿದ್ದಾರೆ ಎಂದೆ. ಅವಳ ಕಡೆಗೆ ತಿರುಗಿ ನೋಡಲು ನನ್ನಿಂದಾಗಲಿಲ್ಲ. ಮಗಳ ಮುಖ ನೋಡುವುದಕ್ಕೆಂದೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದಳು. ಬಯ್ಯಬಹುದಿತ್ತು, ಎದ್ದು ಹೋಗಬಹುದಿತ್ತು. ಅವಳು ನನ್ನ ಕೈ ಹಿಡಿದುಕೊಂಡು ಹೇಳಿದ್ದು ಬೇರೆ.

"ಇರೋರ್ ಮೊಕುಕ್ಕೆ ಸತ್ತೋರ್ ಆರ ಆಕ್ಬಾರ್ದು. ಮಕ್ಕಳೊಂದ್ಗಳು, ಮಕ್ಳಿರೋ ತಾಯಿ ನೀನು."

ಎದ್ದಳು. ಸಂಚಾಲಕ ಮೈಕಿನಲ್ಲಿ ಅಗಲಿದವರ ಬಗ್ಗೆ ಗದ್ಗದಿತನಾಗುತ್ತಿದ್ದ. ಅವನ ಮುಂದೆಯೇ ಹಾದು ಹೋಗಿ, ಹಿಮ್ಮಡಿ ಎತ್ತಿ ನನ್ನ ಮುಖದ ಮೇಲಿನ ಹಾರ ತೆಗೆದಳು. ಎಲ್ಲಿಡುವುದೆಂದು ಸುತ್ತ ನೋಡಿ, ಅವನ ಹತ್ತಿರವೇ ತಂದಳು. ಅವನು ಕತ್ತು ಬಗ್ಗಿಸಿದ. ಹಾರ ಹತ್ತಿರ ಬಂದರೆ ಬಗ್ಗುವುದು ಆ ಕತ್ತಿಗೆ ಅಭ್ಯಾಸವಾಗಿದೆ.

"ಕತ್ಗಲ್ಲ ಕನಪ್ಪ, ಕೈಗೆ ತಕ್ಕ" ಎಂದಳು. ಮೈಕು ಹತ್ತಿರವಿದ್ದುದರಿಂದ ಇಷ್ಟು ಎಲ್ಲರಿಗೂ ಕೇಳಿಸಿತು. ಉಳಿದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಏನೆಂದು ನನಗೆ ಆಮೇಲೆ ತಿಳಿಸಿದಳು. ಅದು ನನ್ನ ಮಗಳಲ್ಲ, ಆ ಹುಡುಗಿ ಅಲ್ಲಿ ಕೂತಿದ್ದಾಳೆ ನೋಡು ಎಂದಿದ್ದಳಂತೆ. ಅವನು ನನ್ನನ್ನು ನೋಡಿದ, ಫೋಟೋ ನೋಡಿದ, ಕೈಯಲ್ಲಿದ್ದ ಹಾರ ನೋಡಿದ. ತಿಳಿಯಿತು ಅವನಿಗೆ. ತಿಳಿದ ಮೇಲೆ ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡು, "ಹೆತ್ತ ಕರುಳು ಬಂಧುಗಳೇ, ಮಗಳ ಮೇಲಿನ ಹಾರ ನೋಡಲಾಗುತ್ತಿಲ್ಲ ಆ ತಾಯಿಗೆ" ಎಂದ.

ಆ ಒಂದು ಮಾತಿಗೆ ಇಡೀ ಬ್ಯಾಚು ಅತ್ತಿತು. ಒಂದೇ ಬಣ್ಣದ ಸೀರೆಗಳೆಲ್ಲ ಕಣ್ಣಿಗೆ ಸೆರಗು ಒತ್ತಿಕೊಂಡವು. ಫೋನುಗಳು ಮೇಲೆದ್ದವು. ಅಳುತ್ತಲೇ ಚಿತ್ರ ತೆಗೆಯುವುದನ್ನೂ ನಮ್ಮವರು ಕಲಿತುಬಿಟ್ಟಿದ್ದಾರೆ. ನಾನು ಸತ್ತದ್ದಕ್ಕೆ ಅಷ್ಟು ಜನ ಅತ್ತರು, ಅವರ ಮುಂದಿನ ಸಾಲಿನಲ್ಲಿ ನಾನು ಕೂತಿದ್ದೆ, ನನ್ನ ಮುಖವನ್ನು ಒಬ್ಬರೂ ಗುರುತಿಸಲಿಲ್ಲ. ಆಗ ಓದಿದ್ದು ಯಾರ ಜೊತೆ ಎಂಬುದೇ ಗೊತ್ತಿಲ್ಲದವರು, ಆ ದಿನಗಳು ಮತ್ತೆ ಬಾರವು ಎಂದು ಹಾಡುತ್ತಿದ್ದರು.

ಶಾಲಿನ ಸರದಿ ಬರುವ ಮೊದಲೇ ಅವ್ವ ಹೋಗೋಣ ಎಂದಳು. ಆಟೋ ಹಿಡಿದು ಮನೆಗೆ ಕರೆತಂದೆ. ಮುದ್ದೆ, ಬಸ್ಸಾರು ಉಂಡಳು. ಆಮೇಲೆ ನನ್ನ ಟ್ರಂಕಿನಿಂದ ಫೋಟೋ ತೆಗೆದು, ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಇಲ್ಲಿ ನೋಡವ್ವ ಎಂದು ತೋರಿಸಿದೆ. ಕಡಲೆಕಾಳಿನಷ್ಟು ಮುಖ. ನಗು ತಡೆದುಕೊಂಡು ತುಟಿ ಬಿಗಿಹಿಡಿದಿದ್ದಾಳೆ. ಭುಜ ನನ್ನ ಹಿಂದಿದೆ. ಅವ್ವ ಉಗುರಿನ ತುದಿಯಿಂದ ಆ ಭುಜದ ಜಾಗವನ್ನು ತೋರಿಸಿ, ಹಿಂದಿನ ದಿನ ಹೊಲಿದುಕೊಡು ಅಂದಿದ್ದಳು, ಕೈ ಬಿಡುವಾಗಲಿಲ್ಲ ಎಂದಳು. ಫೋಟೋವನ್ನು ಎದೆಯ ಹತ್ತಿರ ಇಟ್ಟುಕೊಂಡು ಚಾಪೆಯ ಮೇಲೆ ಒರಗಿದಳು.

ನಾನು ಎದ್ದು ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದೆ. ಒಪ್ಪಿಕೊಂಡ ಸೀರೆಯೊಂದು ಬಾಕಿಯಿತ್ತು. ಅದರ ಸೆರಗನ್ನು ಮಡಿಲಿಗೆ ಎಳೆದುಕೊಂಡು ಎಳೆ ಬಿಡಿಸತೊಡಗಿದೆ. ಅವಳ ಉಸಿರು ನಿಧಾನವಾಯಿತು. ಇಷ್ಟು ವರ್ಷದಲ್ಲಿ ಅವಳು ಹಗಲಿನಲ್ಲಿ ನಿದ್ದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಹೊರಗೆ ಕಾರು ನಿಂತಿತು. ಕಿಟಕಿಯ ಸಂದಿಯಲ್ಲಿ ನಮ್ಮ ಬ್ಯಾಚಿನ ಟೀ ಶರ್ಟುಗಳು ಕಂಡವು. ಸಂಚಾಲಕ ಬಾಗಿಲು ತಟ್ಟಿದ. ಅಮ್ಮನವರಿಗೆ ಶಾಲು ಹೊದಿಸುವುದು ಬಾಕಿ ಇದೆ, ಒಂದೇ ಒಂದು ಫೋಟೋ, ಐದು ನಿಮಿಷ ಎಂದ. ಜೊತೆಗಿದ್ದವನು ಹೊರಗೆ ಬಿಟ್ಟ ಚಪ್ಪಲಿ ನೋಡಿ, "ಒಳ್ಗೇ ಅವ್ರೆ ಕಣ್ಲಾ, ಇನ್ನೊಂದ್ಸಾರಿ ತಟ್ಟು" ಎಂದ. ಇನ್ನೊಂದು ಸಲ ತಟ್ಟಿದ. ಹೈಸ್ಕೂಲಿನಲ್ಲಿ ಕರೆಯುತ್ತಿದ್ದ ಅಡ್ಡಹೆಸರು ಹಿಡಿದು ನನ್ನನ್ನು ಕೂಗಿದ. ಅದು ನನ್ನದಲ್ಲ, ಗೆಳತಿಯದು.

ಅವ್ವ ಅರ್ಧ ಕಣ್ಣು ಬಿಟ್ಟಳು. "ಯಾರಮ್ಮಿ?"

"ಯಾರೂ ಇಲ್ಲ, ಮಲ್ಕವ್ವ" ಎಂದೆ.