ಕಿಲುಬು ತೊಳೆದ ತಪ್ಪು

ಹರಿಹರದ ರಶ್ಮಿತಾ ಇರುವೆಯನ್ನೂ ತುಳಿಯದ ಹುಡುಗಿ ಎಂದು ಅವರ ಬೀದಿಯೇ ಹೇಳುತ್ತದೆ. ಹೌದು, ಇರುವೆಯನ್ನು ತುಳಿದವಳಲ್ಲ.

ದಿನಾ ರೈಲು ಹತ್ತಿ ದಾವಣಗೆರೆಗೆ ಬಂದು, ಕಾಲೇಜೊಂದರ ಲ್ಯಾಬಿನಲ್ಲಿ ಪಿಎಚ್‌ಡಿಗೆ ಹೆಣಗುತ್ತಿದ್ದಳು. ತಾಮ್ರದ ಕಣವನ್ನು, ಉಂಗುರಕ್ಕೆ ಹರಳು ಕೂರಿಸಿದ ಹಾಗೆ, ಬೇರೆ ಅಣುಗಳ ನಡುವೆ ಕೂರಿಸಬೇಕು; ಅದು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಕೆಲಸಕ್ಕೆ ಬರುವ ವಸ್ತುವಾಗಿ ಬದಲಿಸಬೇಕು. ಬದಲಿಸಿದರೆ ಡಾಕ್ಟರ್ ರಶ್ಮಿತಾ. ಇಲ್ಲದಿದ್ದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಲ್ಯಾಬು ಗುಡಿಸಿ ಗಾಜಿನ ಸಾಮಾನು ತೊಳೆಯುತ್ತಿದ್ದವಳು ಆವರಗೆರೆಯ ದುರುಗಮ್ಮ. ಅವಳ ಗಂಡ ಮೈಲಪ್ಪ ಹರಿಹರದಲ್ಲಿ ಬಾಯ್ಲರಿನ ಮುಂದೆ ದುಡಿದು, ಎದೆ ಕೆಡಿಸಿಕೊಂಡು ಮನೆಯಲ್ಲಿ ಮಲಗಿದ್ದ.

"ಇದು ಹೊಗೆ ಹೀರ್ತೈತಂತಲ್ರಿ ಮೇಡಂ. ನಮ್ಮನಿಯೋರ ಎದ್ಯಾಗಿಂದೂ ಹೀರ್ತೈತೇನ್ರಿ?" ಎಂದು ಅವಳು ಒಂದು ದಿನ ಫ್ಲಾಸ್ಕಿನ ದ್ರಾವಣ ತೋರಿಸಿ ಕೇಳಿದಳು.

ಇದು ಔಷಧವಲ್ಲ ಎಂದು ಬಿಡಿಸಿ ಹೇಳಲು ಬೇಸರ. "ನೋಡಾಣ ಇರ್ರಿ," ಎಂದು ರಶ್ಮಿತಾ ನಕ್ಕಳು. ದುರುಗಮ್ಮ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ದಸರೆಗೆ ಮುಂಚೆಯೇ ದ್ರಾವಣ ಕೆಟ್ಟಿತು. ತಾಮ್ರ ಕಳಚಿಕೊಂಡು ತಳ ಸೇರಿತು, ಫ್ಲಾಸ್ಕಿನ ಒಳಮೈಗೆಲ್ಲ ಹಸಿರು ಅಂಟಿತು. ರಶ್ಮಿತಾ ಯಾರಿಗೂ ಹೇಳಲಿಲ್ಲ. ಗೈಡ್ ಕೊಟ್ಟೂರೇಶ್ ಸರ್ ಆಗಲೇ ರಿಸಲ್ಟ್ ನೋಡಲು ಕಮಿಟಿಯವರನ್ನು ಕರೆದುಬಿಟ್ಟಿದ್ದರು.

ಆಯುಧಪೂಜೆ ಬಂತು. ಆ ದಿನ ಕುಡುಗೋಲಿನಿಂದ ಲಾರಿಯವರೆಗೆ ತೊಳೆಸಿಕೊಳ್ಳದ್ದು ಊರಲ್ಲಿ ಏನಿದೆ? ದುರುಗಮ್ಮ ಫ್ಲಾಸ್ಕಿನಲ್ಲಿದ್ದುದನ್ನು ಕೊಳೆನೀರೆಂದು ಚೆಲ್ಲಿ, ಒಳಗಿನ ಕಿಲುಬನ್ನು, ಮನೆಯ ತಾಮ್ರದ ಬಿಂದಿಗೆ ಬೆಳಗುವ ಹಾಗೆ, ಹುಣಸೆಹಣ್ಣು ಹಾಕಿ ತಿಕ್ಕಿದಳು. ವಿಭೂತಿ ಹಚ್ಚಿ, ಹೂ ಏರಿಸಿ, ಗಂಡನ ಹೆಸರು ಹೇಳಿ ಕೈಮುಗಿದಳು.

ಅದನ್ನು ಕಂಡು ರಶ್ಮಿತಾಗೆ ಮೊದಲು ಬಂದದ್ದು ನೆಮ್ಮದಿಯ ಉಸಿರು. ಅಳು ಆಮೇಲೆ ಬಂತು, ಜೋರಾಗಿಯೇ ಬಂತು. "ರಿಸಲ್ಟ್ ಬರೋ ಹೊತ್ತಿಗೆ ತೊಳ್ದು ಹಾಕಿದ್ರು ಸರ್!"

ಕಮಿಟಿ ಮರುಗಿ ಅವಳಿಗೆ ಇನ್ನೊಂದು ವರ್ಷ ಕೊಟ್ಟಿತು. ದುರುಗಮ್ಮನನ್ನು ಕೆಲಸದಿಂದ ತೆಗೆದರು.

ದೀಪಾವಳಿ ಕಳೆದ ಮೇಲೆ ಮೈಲಪ್ಪ ತೀರಿಕೊಂಡ. ಒಳ್ಳೆಯ ಹುಡುಗಿಯಲ್ಲವೇ, ರಶ್ಮಿತಾ ಮಾತಾಡಿಸಿಕೊಂಡು ಬರಲು ಆವರಗೆರೆಗೆ ಹೋದಳು. ದುರುಗಮ್ಮ ಅವಳ ಕಾಲಿಗೇ ಬಿದ್ದಳು.

"ಅವ್ರ ಉಸಿರು ನಾನೇ ತೊಳ್ದು ಚೆಲ್ಲಿದೆ ಮೇಡಂ. ಇದೇ ಕೈಲಿ ಚೆಲ್ಲಿದೆ."

ಅದು ಮೊದಲೇ ಕೆಟ್ಟಿತ್ತು, ಅದು ಔಷಧವೇ ಅಲ್ಲ ಎಂದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಬಾಗಿಲಲ್ಲಿ ಜನ ನಿಂತಿದ್ದರು. ಆವರಗೆರೆಯ ಮಾತು ಕಾಲೇಜಿಗೆ ಮುಟ್ಟಲು ಎಷ್ಟು ಹೊತ್ತು?

"ಹೋಗ್ಲಿ ಬಿಡ್ರಿ," ಎಂದಳು ರಶ್ಮಿತಾ, ಭುಜ ಹಿಡಿದು ಎಬ್ಬಿಸುತ್ತಾ. "ನಾನೇನೂ ಮನಸ್ನಾಗ ಇಟ್ಕಂಡಿಲ್ಲ. ನಿಮ್ಮನ್ನ ಕ್ಷಮಿಸೀನಿ."

ಎಂಥಾ ದೊಡ್ಡ ಮನಸ್ಸು ಎಂದರು ನೆರೆದ ಹೆಂಗಸರು. ದುರುಗಮ್ಮ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.