ಎರಡೇ ಮೆಟ್ಟಿಲು

ಅಂಗವಿಕಲರಿಗೆ ಪ್ರಮಾಣಪತ್ರ ಕೊಡುವ ಆ ಕಚೇರಿಯ ಹಿರಿಯ ಗುಮಾಸ್ತರಿಗೆ ಜನ ಇಟ್ಟ ಹೆಸರು ‘ಎರಡೇ ಮೆಟ್ಟಿಲು’. ಕಚೇರಿಗೆ ಕಂಬಿ ಹಾಕಿದ ಚಂದದ ಇಳಿಜಾರಿದೆ. ಅದು ಹೋಗಿ ಮುಗಿಯುವುದು ಎರಡು ಮೆಟ್ಟಿಲುಗಳ ಬುಡದಲ್ಲಿ. ಗಾಲಿಕುರ್ಚಿಯವರು ಅಲ್ಲಿ ಬಂದು ನಿಂತರೆ ಸಾಕು, ಗುಮಾಸ್ತರು ಕಡತ ಬಿಟ್ಟು ಓಡಿಬರುತ್ತಿದ್ದರು. “ಎರಡೇ ಮೆಟ್ಟಿಲಲ್ವಾ, ಅದಕ್ಯಾಕೆ ಇಷ್ಟು ಯೋಚನೆ? ಹಿಡೀರಪ್ಪಾ ಆ ಕಡೆ!” ಎಂದು ಅಂಗಿತೋಳು ಮಡಚಿ, ಬೀರು ಸಾಗಿಸುವ ಹುರುಪಿನಲ್ಲಿ ಕುರ್ಚಿ ಸಮೇತ ಎತ್ತಿಬಿಡುತ್ತಿದ್ದರು. ಒಬ್ಬಾಕೆ “ನನ್ನನ್ನ ಎತ್ತಬೇಡಿ ಸಾರ್, ಮೆಟ್ಟಿಲು ಒಡೆಸಿ” ಎಂದಾಗ, ಉಪಕಾರಕ್ಕೆ ಕಾಲವಿಲ್ಲವೆಂದು ದಿನವಿಡೀ ಮುಖ ಊದಿಸಿಕೊಂಡಿದ್ದರು. ಎತ್ತಿ ಎತ್ತಿ ಹೋದ ವರ್ಷ ಅವರ ಸೊಂಟ ಹಿಡಿದುಕೊಂಡಿತು. ಈಗ ಗಾಲಿಕುರ್ಚಿಯಲ್ಲಿ ಬಂದವರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತಾರೆ. ಗುಮಾಸ್ತರ ಬಾಡಿಗೆ ಮನೆಗೂ ಎರಡೇ ಮೆಟ್ಟಿಲು. ಲಕ್ವ ಹೊಡೆದ ಹೆಂಡತಿ ಇಳಿಜಾರು ಮಾಡಿಸಿ ಎಂದಾಗ “ನಾನಿಲ್ವೇನೇ?” ಎಂದಿದ್ದರು, ದಿನಾ ಸಂಜೆ ಅವಳನ್ನು ಎತ್ತಿ ಬೀದಿಗಿಳಿಸುತ್ತಿದ್ದರು. ಈಗ ಇಳಿಜಾರು ಕೇಳಹೋದರೆ ಮನೆ ಮಾಲೀಕ “ಎರಡೇ ಮೆಟ್ಟಿಲಲ್ವಾ ಸಾರ್” ಎಂದು ನಗುತ್ತಾನೆ. ಹದಿನಾಲ್ಕು ತಿಂಗಳಿಂದ ಅವಳು ಕಿಟಕಿಯ ಪಕ್ಕದಲ್ಲಿದ್ದಾಳೆ. ಸಂಜೆ ಇವರು ಚಪ್ಪಲಿ ಬಿಡುವಾಗ ಒಂದೇ ಮಾತು ಕೇಳುತ್ತಾಳೆ: “ಇವತ್ತು ಹೊರಗೆ ಹೇಗಿತ್ರೀ?”